ನಿಮ್ಮದು ಸ್ಟಾರ್ ಒನ್ ನಕ್ಷತ್ರ, ಚಿಂತೆ ಬೇಡ

ಜಾತಕ ಬರೆಸಲು ಹುಟ್ಟಿದ ಗಳಿಗೆ ಬೇಕಿತ್ತು. ಈಗ ಜೀನ್ ಪರೀಕ್ಷೆಯ ಟ್ಯೂಬಿಗೆ ಉಗುಳಿದರೆ ಸಾಕು. ಅದಕ್ಕೂ ಮಡಿಯುಂಟು: ಅರ್ಧ ಗಂಟೆ ಮೊದಲಿಂದ ಏನೂ ತಿನ್ನಬಾರದು, ಕುಡಿಯಬಾರದು, ಗೆರೆಯವರೆಗೆ ಎಂಜಲೇ ತುಂಬಬೇಕು, ನೊರೆ ಲೆಕ್ಕಕ್ಕಿಲ್ಲ. ಕೆಲವು ವಾರಗಳಲ್ಲಿ ಬಣ್ಣಬಣ್ಣದ ಪಿಡಿಎಫ್ ಬರುತ್ತದೆ, 'ನಿಮ್ಮ ಜೀನಿಗೆ ತಕ್ಕ ಔಷಧ' ಅಂತ. ಅದರಲ್ಲಿ ನಕ್ಷತ್ರವೂ ಇರುತ್ತದೆ. ಜೀನಿನ ರೂಪಗಳಿಗೆ ಈ ವಿದ್ಯೆಯವರು ಇಟ್ಟ ಹೆಸರೇ ಸ್ಟಾರ್ ಒನ್, ಸ್ಟಾರ್ ಟೂ, ಸ್ಟಾರ್ ತ್ರೀ.

ಸ್ಟಾರ್ ಒನ್ ಎಂದರೆ 'ನಾರ್ಮಲ್', ಹಸಿರು ಬಣ್ಣ. ಆ ಹಸಿರಿನ ಗುಟ್ಟು ಇಷ್ಟೇ: ಲ್ಯಾಬು ಹುಡುಕಲು ಹೊರಟ ನಾಲ್ಕಾರು ಬದಲಾವಣೆ ಸಿಗದಿದ್ದರೆ ಸ್ಟಾರ್ ಒನ್ ಎಂದು ಬರೆದು ಕೈತೊಳೆದುಕೊಳ್ಳುತ್ತದೆ. ಸ್ಟಾರ್ ಟೂ ಒಂದನ್ನೇ ಹುಡುಕುವವರ ಕಣ್ಣಿಗೆ ಸ್ಟಾರ್ ತ್ರೀ ಹೊತ್ತವರೂ ನಾರ್ಮಲ್ಲೇ. ಔಷಧ ಅರಗಿಸುವ ಲಿವರಿನ ಕಿಣ್ವವೊಂದನ್ನು ತಯಾರಿಸುವ ಸಿವೈಪಿ2ಡಿ6 ಜೀನಿನದಂತೂ ಇನ್ನೂ ಫಜೀತಿ. ಪಕ್ಕದಲ್ಲೇ ಅದರ ತದ್ರೂಪಿ, ಕೆಲಸಕ್ಕೆ ಬಾರದ 2ಡಿ7 ಕೂತಿದೆ. ಕೆಲವರಲ್ಲಿ 2ಡಿ6 ಪೂರ್ತಿ ಮಾಯ, ಕೆಲವರಲ್ಲಿ ಮೂರು ಪ್ರತಿ. ಪ್ರತಿ ಎಣಿಸಲು ಬಾರದ ಲ್ಯಾಬಿನ ಚಿಪ್‌ಗೆ ಇಬ್ಬರೂ ಒಂದೇ. ಹೆಚ್ಚು ಪ್ರತಿಯಿರುವ ದೇಹ ನೋವಿನ ಔಷಧ ಕೋಡೀನನ್ನು ಗಬಗಬನೆ ಮಾರ್ಫಿನ್ ಮಾಡಿ ಉಸಿರನ್ನೇ ಅಡಗಿಸಬಲ್ಲದು. ಟಾನ್ಸಿಲ್ ಆಪರೇಷನ್ ಆದ ಮಕ್ಕಳು ಹಾಗೆ ಸತ್ತ ಮೇಲೆಯೇ 2013ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಕೋಡೀನಿನ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿದ್ದು.

ಇನ್ನು ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೊಪಿಡೋಗ್ರೆಲ್. ಲಿವರಿನ 2ಸಿ19 ಕಿಣ್ವ (ಇದಕ್ಕೂ ಅದೇ ಹೆಸರಿನ ಜೀನುಂಟು) ತಟ್ಟಿ ಎಬ್ಬಿಸದಿದ್ದರೆ ಈ ಮಾತ್ರೆ ರಕ್ತದಲ್ಲಿ ಸುಮ್ಮನೆ ಮಲಗಿರುತ್ತದೆ. ಇದಕ್ಕೂ 2010ರಲ್ಲೇ ಅಂಥದೇ ಎಚ್ಚರಿಕೆ ಬಂದಿದೆ. ಪರೀಕ್ಷೆ ನಿಜವಾಗಿ ಉಪಯೋಗಕ್ಕೆ ಬರುವ ಜಾಗ ಇದು, ಆದ್ದರಿಂದ ಇಲ್ಲೇ ಎಡವಟ್ಟು. ಹೃದಯದ ರಕ್ತನಾಳಕ್ಕೆ ಹಾಕಿದ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚಿರುವುದು ಮೊದಲ ತಿಂಗಳು. ವರದಿ ಬರುವ ಹೊತ್ತಿಗೆ ಅದು ಕಳೆದಿರುತ್ತದೆ. ಬಂದ ವರದಿ 'ನಾರ್ಮಲ್' ಅಂದಿತೆನ್ನಿ. ಕ್ಲೊಪಿಡೋಗ್ರೆಲ್ ಬರೆದ ಚೀಟಿಯ ಕೆಳಗಡೆಯೇ ಹೊಟ್ಟೆ ಉರಿಗೆಂದು ಒಮೆಪ್ರಜೋಲ್ ಇರುತ್ತದೆ. ಅದು ಹೋಗಿ 2ಸಿ19ರ ಕೈಯನ್ನೇ ಕಟ್ಟಿಹಾಕುತ್ತದೆ. ಜೀನು ಹಸಿರು, ಕಿಣ್ವ ರಜೆಯಲ್ಲಿ. ಬೇರೆ ಏನೇನು ಮಾತ್ರೆ ನುಂಗುತ್ತೀರಿ ಎಂದು ಉಗುಳಿಸಿಕೊಂಡವರು ಕೇಳಿರುವುದಿಲ್ಲ.

ಕೇಳದೆಯೇ ಹೇಳಿರುವುದೂ ಇದೆ. ನಿಮ್ಮ ಕಿವಿಯ ಗುಗ್ಗೆ ಒಣಕಲೋ ಅಂಟಂಟೋ ಎಂಬುದಕ್ಕೆ ಇಡೀ ಪುಟ, ಚಿತ್ರಸಮೇತ. (ಕಿರುಬೆರಳು ಹಾಕಿ ನೋಡಿಕೊಳ್ಳಬಹುದಿತ್ತು.) ಕ್ಲೊಪಿಡೋಗ್ರೆಲ್‌ಗೆ ಒಂದೂವರೆ ಸಾಲು, ಕೊನೆಗೆ 'ವೈದ್ಯರನ್ನು ಕಾಣಿ'. ವೈದ್ಯರು ಫೋನಿನಲ್ಲಿ ಪಿಡಿಎಫ್ ಮೇಲಿಂದ ಕೆಳಕ್ಕೆ ಒಮ್ಮೆ ಜಾರಿಸಿ, ಹಸಿರು ಕಂಡು ತಲೆಯಾಡಿಸಿ, ಚೀಟಿಯಲ್ಲಿ ಬರೆಯುತ್ತಾರೆ: 75 ಮಿ.ಗ್ರಾಂ., ದಿನಕ್ಕೊಂದು. ಹಿಂದಿನ ರೋಗಿಗೆ ಬರೆದದ್ದೂ ಅದೇ.