ಸಪೀನಾ ಬಂದ ಮನೆಯಲ್ಲಿ ಕಾಫಿ ಕಾಯಿಸಬೇಡಿ

ಊರಲ್ಲಿ ಪೊಲೀಸರು ಮನೆ ಬಾಗಿಲಿಗೆ ಬಂದರೆ ಒಳಗೆ ಕರೆದು ಕೂರಿಸುತ್ತೇವೆ, ಕಾಫಿ ಕೊಡುತ್ತೇವೆ, ಯಾರಿಂದ ಒಂದು ಫೋನ್ ಮಾಡಿಸಿದರೆ ವಿಷಯ ಇಲ್ಲಿಗೇ ತಣ್ಣಗಾಗುತ್ತದೆ ಎಂದು ಲೆಕ್ಕ ಹಾಕುತ್ತೇವೆ. ವಕೀಲರ ಹೆಸರು ಎತ್ತುವುದು ಕೊನೆಗೆ. ಮೊದಲೇ ಎತ್ತಿದರೆ ‘ಏನೋ ಮಾಡಿರಬೇಕು, ಅದಕ್ಕೇ ಲಾಯರ್ ಇಟ್ಟ’ ಎನ್ನುತ್ತಾರೆ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತು ಕೇಳಿಯೇ ಬೆಳೆದವರು ನಾವು. ಅಮೆರಿಕದಲ್ಲಿ ಫೆಡರಲ್ ಗ್ರ್ಯಾಂಡ್ ಜ್ಯೂರಿಯ ಸಪೀನಾ, ಅಂದರೆ ಬಂದು ಸಾಕ್ಷಿ ಹೇಳಿ ಅಥವಾ ದಾಖಲೆ ಕೊಡಿ ಎಂಬ ಆದೇಶ, ಕೈಗೆ ಬಂದ ದಿನ ಈ ಕ್ರಮವನ್ನು ತಲೆಕೆಳಗು ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ವಕೀಲರು ಮೊದಲು, ಮಾತು ಆಮೇಲೆ, ಕಾಫಿ ಬೇಡವೇ ಬೇಡ.

ಗ್ರ್ಯಾಂಡ್ ಜ್ಯೂರಿ ಸಿನಿಮಾದಲ್ಲಿ ಕಾಣುವ ಹನ್ನೆರಡು ಜನರ ಜ್ಯೂರಿಯಲ್ಲ. 16ರಿಂದ 23 ಸಾಮಾನ್ಯ ನಾಗರಿಕರು ಕೂತು, ಒಬ್ಬರ ಮೇಲೆ ಆರೋಪ ಹೊರಿಸಲು ಸಾಕಷ್ಟು ಕಾರಣವಿದೆಯೇ ಎಂದಷ್ಟೇ ನೋಡುತ್ತಾರೆ. 12 ಜನ ಹೌದೆಂದರೆ ಮುಗಿಯಿತು. ಕೋಣೆಯಲ್ಲಿ ಜಡ್ಜ್ ಇರುವುದಿಲ್ಲ. ಪ್ರಾಸಿಕ್ಯೂಟರ್ (ಸರ್ಕಾರದ ಪರ ವಕೀಲರು), ಸಾಕ್ಷಿ, ಮಾತು ದಾಖಲಿಸುವವರು, ಅಗತ್ಯವಿದ್ದರೆ ದುಭಾಷಿ, ಇಷ್ಟೇ. ಸಾಕ್ಷಿಯ ವಕೀಲರು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂರಬೇಕು. ಈ ಪದ್ಧತಿ ಹುಟ್ಟಿದ ಇಂಗ್ಲೆಂಡೇ 1933ರ ಕಾನೂನಿನಲ್ಲಿ ಅದನ್ನು ಬಹುಮಟ್ಟಿಗೆ ಕೈಬಿಟ್ಟಿತು. ಅಮೆರಿಕದಲ್ಲಿ ಸಂವಿಧಾನದ ಐದನೇ ತಿದ್ದುಪಡಿಯಲ್ಲೇ ಬರೆದಿರುವುದರಿಂದ ಉಳಿದುಕೊಂಡಿದೆ.

ಒಳಗೇ ಬರಲಾಗದ ವಕೀಲರಿಗೆ ದುಡ್ಡು ಯಾಕೆ ಸುರಿಯಬೇಕು ಎಂದು ನಮ್ಮವರು ಕೇಳುತ್ತಾರೆ. ಅವರ ಕೆಲಸವೆಲ್ಲ ಹಾಜರಾತಿಯ ದಿನಕ್ಕಿಂತ ಮೊದಲೇ ನಡೆಯುವಂಥದ್ದು, ಅದಕ್ಕೆ.

ಸಪೀನಾ ತಂದುಕೊಡುವವರು ಹೆಚ್ಚಾಗಿ ತನಿಖೆ ಮಾಡುತ್ತಿರುವ ಏಜೆಂಟರೇ. ಕಾಗದ ಕೊಟ್ಟು ‘ಒಂದೆರಡು ಪ್ರಶ್ನೆ ಇದೆ’ ಎನ್ನುತ್ತಾರೆ. ಸಪೀನಾ ನಿಮ್ಮನ್ನು ಕಟ್ಟಿಹಾಕುವುದು ಅದರಲ್ಲಿ ಬರೆದ ದಿನಕ್ಕೆ, ಬರೆದ ಜಾಗಕ್ಕೆ. ಹೊಸ್ತಿಲ ಮೇಲಿನ ಪ್ರಶ್ನೆಗಲ್ಲ. ಅವರ ಕಾರ್ಡ್ ತೆಗೆದುಕೊಂಡು ‘ನನ್ನ ವಕೀಲರು ಫೋನ್ ಮಾಡುತ್ತಾರೆ’ ಎಂದರೆ ಸಾಕು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನಮ್ಮಲ್ಲಿ ಸಾಕ್ಷಿ ಪೊಲೀಸರಿಗೆ ಕೊಡುವ ಹೇಳಿಕೆಗೆ ಸಹಿಯೇ ಇಲ್ಲ. ವಿಚಾರಣೆಯಲ್ಲಿ ಅದು ಮುಖ್ಯವಾಗಿ ಬಳಕೆಯಾಗುವುದು ಸಾಕ್ಷಿ ಮಾತು ಬದಲಿಸಿದ್ದಾನೆ ಎಂದು ತೋರಿಸಲಿಕ್ಕೆ. ಆ ರೂಢಿಯಲ್ಲಿ ‘ನನಗೇನೂ ಗೊತ್ತಿಲ್ಲ ಸಾರ್’ ಎಂದು ತೇಲಿಸಿಬಿಡುತ್ತೇವೆ. ಅಮೆರಿಕದಲ್ಲಿ ಫೆಡರಲ್ ಏಜೆಂಟರಿಗೆ ತನಿಖೆಗೆ ಸಂಬಂಧಪಟ್ಟ ವಿಷಯದಲ್ಲಿ ಗೊತ್ತಿದ್ದೂ ಸುಳ್ಳು ಹೇಳಿದರೆ, ಪ್ರಮಾಣ ಮಾಡಿರದಿದ್ದರೂ, 5 ವರ್ಷದವರೆಗೆ ಜೈಲು. ಮೂಲ ಪ್ರಕರಣದಲ್ಲಿ ಏನೂ ಮಾಡದವರು ಈ ಒಂದು ಸಾಲಿನಿಂದ ಆರೋಪಿಗಳಾಗುವುದುಂಟು. ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರದ್ದು ಬೇಕೆಂದರೆ ಪೊಲೀಸ್ ನೋಟಿಸಲ್ಲ, ಇ.ಡಿ. ಕಳಿಸುವ, ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ (ಪಿಎಂಎಲ್‌ಎ) 50ನೇ ಕಲಮಿನ ಸಮನ್ಸ್. ಅಲ್ಲಿ ಕೊಟ್ಟ ಹೇಳಿಕೆ ಸಾಕ್ಷ್ಯವಾಗುತ್ತದೆ. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ.

ಎರಡನೆಯ ಕೆಲಸ ಅಳಿಸುವುದನ್ನು ನಿಲ್ಲಿಸುವುದು. ವಾಟ್ಸ್‌ಆ್ಯಪ್‌ನಲ್ಲಿ ತಾನಾಗಿ ಮಾಯವಾಗುವ ಸಂದೇಶದ ಸೆಟ್ಟಿಂಗ್, ತೊಂಬತ್ತು ದಿನಕ್ಕೊಮ್ಮೆ ಖಾಲಿಯಾಗುವ ಆಫೀಸ್ ಮೇಲ್, ಹಳೆ ಫೋನ್ ಕೊಟ್ಟು ಹೊಸದು ತರುವ ಆಫರ್, ಎಲ್ಲವೂ ಅಂದೇ ನಿಲ್ಲಬೇಕು. ತನಿಖೆಗೆ ಅಡ್ಡಿ ಮಾಡಲೆಂದು ದಾಖಲೆ ನಾಶಪಡಿಸಿದರೆ ಶಿಕ್ಷೆ 20 ವರ್ಷದವರೆಗೆ, ಅಂದರೆ ಎಷ್ಟೋ ಸಲ ಮೂಲ ಅಪರಾಧಕ್ಕಿಂತ ಹೆಚ್ಚು. ಮನೆಯವರ ಮಾನ ಕಾಯಲೆಂದು ಯಾವುದೋ ಗ್ರೂಪಿನ ಹರಟೆ ಅಳಿಸಿದರೂ ನೋಡುವವರ ಕಣ್ಣಿಗೆ ಅದೇ ಬಣ್ಣ.

ವಕೀಲರನ್ನು ಹುಡುಕುವಾಗ ಮನೆ ರಿಜಿಸ್ಟ್ರಿಗೆ ಬಂದವರು, ವೀಸಾ ಮಾಡಿಕೊಟ್ಟವರು ಸಾಲದು. ಫೆಡರಲ್ ಕ್ರಿಮಿನಲ್ ಪ್ರಕರಣಗಳನ್ನೇ ಮಾಡುವವರು ಬೇಕು; ಹಿಂದೆ ಪ್ರಾಸಿಕ್ಯೂಟರ್ ಆಗಿದ್ದವರಾದರೆ ಒಳ್ಳೆಯದು. ಕಂಪನಿ ವಕೀಲರು ನಗುನಗುತ್ತಾ ಮಾತಾಡಿಸಿದರೂ ಅವರು ಕಂಪನಿಯ ವಕೀಲರು, ನಿಮ್ಮವರಲ್ಲ. ಅವರೊಂದಿಗೆ ಆಡಿದ ಮಾತಿಗಿರುವ ಗುಟ್ಟಿನ ರಕ್ಷಣೆ ಕಂಪನಿಯ ಆಸ್ತಿ, ಬೇಕೆನಿಸಿದ ದಿನ ಅದು ಬಿಟ್ಟುಕೊಡಬಹುದು. ಕನ್ಸಲ್ಟಿಂಗ್ ಕಂಪನಿಗಳಲ್ಲಿ ಎಚ್-1ಬಿ ಕೆಲಸದ ವೀಸಾ ಮೇಲಿರುವವರು ‘ಮಾಲೀಕರೇ ವಕೀಲರನ್ನು ಕೊಡುತ್ತಿದ್ದಾರೆ’ ಎಂದು ಹಿಗ್ಗುವ ಮೊದಲು ಇದನ್ನು ಯೋಚಿಸಬೇಕು. ಮಾಲೀಕರ ಹಿತವೂ ನೌಕರರ ಹಿತವೂ ಮೊದಲು ಬೇರೆಯಾಗುವುದು ಇಂಥ ಕಡೆಯೇ. ಶಿಕ್ಷೆ ಒಂದು ವರ್ಷ ಮುಟ್ಟಿದರೆ ಸುಳ್ಳು ಸಾಕ್ಷಿ ಮತ್ತು ನ್ಯಾಯಕ್ಕೆ ಅಡ್ಡಿ ಎರಡೂ ಗಡೀಪಾರಿಗೆ ದಾರಿ. ಗ್ರೀನ್ ಕಾರ್ಡ್ ಇದ್ದರೂ. ಆದ್ದರಿಂದ ವಲಸೆ ವಕೀಲರು ಎರಡನೆಯವರಾಗಿ ಜೊತೆಗಿರಲಿ.

ವಕೀಲರ ಮೊದಲ ಫೋನು ಸಪೀನಾದಲ್ಲಿ ಹೆಸರಿರುವ ಪ್ರಾಸಿಕ್ಯೂಟರಿಗೆ. ಕೇಳುವುದು ಒಂದೇ: ನಮ್ಮವರು ಬರೀ ಸಾಕ್ಷಿಯೋ, ತನಿಖೆಯ ವ್ಯಾಪ್ತಿಗೆ ಬಂದವರೋ, ಅಥವಾ ಗುರಿಯೋ? ಅಮೆರಿಕದ ನ್ಯಾಯ ಇಲಾಖೆಯ ಕೈಪಿಡಿಯಲ್ಲೇ ಕೊನೆಯ ಎರಡು ವರ್ಗಗಳ ಅರ್ಥವಿದೆ. ಉತ್ತರ ಇಂದಿಗೆ ಮಾತ್ರ ನಿಜ. ‘ಸಾಕ್ಷಿ’ ಎಂದವರು ತಿಂಗಳಲ್ಲಿ ‘ಗುರಿ’ ಆಗಬಹುದು.

ಆಮೇಲೆ ಚೌಕಾಸಿ. ಇಲ್ಲಿ ನಮ್ಮವರಿಗೆ ಆಶ್ಚರ್ಯವಾಗುತ್ತದೆ: ಸಪೀನಾ ಎಂದರೆ ಕಲ್ಲಿನ ಮೇಲಿನ ಬರಹವಲ್ಲ. ಹತ್ತು ವರ್ಷದ ಮೇಲ್ ಕೇಳಿದ್ದರೆ ಮೂರು ವರ್ಷಕ್ಕೆ, ಎಲ್ಲ ನೌಕರರನ್ನು ಕೇಳಿದ್ದರೆ ಇಂತಿಷ್ಟು ಹೆಸರಿಗೆ, ಇಂಥ ಹುಡುಕುಪದಗಳಿಗೆ ಇಳಿಸಿಕೊಳ್ಳಬಹುದು. ಗಡುವು ಮುಂದೂಡಿ ಕಂತಿನಲ್ಲಿ ಕೊಡಬಹುದು. ಒಪ್ಪಿದ್ದನ್ನು ಅದೇ ದಿನ ಮೇಲ್‌ನಲ್ಲಿ ಬರೆದು ಕಳಿಸಬೇಕು, ಬಾಯಿಮಾತು ನಿಲ್ಲುವುದಿಲ್ಲ. ಒಪ್ಪದಿದ್ದರೆ ಜಡ್ಜ್ ಎದುರು ರದ್ದು ಕೋರಬಹುದು, ಆದರೆ 1991ರಿಂದ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿರುವುದು ಸಪೀನಾ ನ್ಯಾಯೋಚಿತವೆಂದೇ ಭಾವಿಸಿ ಹೊರಡಬೇಕು ಎಂದು. ಅಲ್ಲವೆಂದು ತೋರಿಸುವ ಹೊರೆ ನಿಮ್ಮದು. ಹಾಗಾಗಿ ಚೌಕಾಸಿಯೇ ಮೇಲು.

ಕೊಡುವ ಪ್ರತಿ ಪುಟಕ್ಕೂ ಕ್ರಮಸಂಖ್ಯೆ ಒತ್ತಿ, ಅದೇ ಸಂಖ್ಯೆಯ ಒಂದು ಪ್ರತಿ ಇಟ್ಟುಕೊಳ್ಳಬೇಕು. ವಕೀಲರೊಂದಿಗಿನ ಪತ್ರವ್ಯವಹಾರ ತೆಗೆದಿಟ್ಟು, ತಾರೀಕು, ಯಾರಿಂದ ಯಾರಿಗೆ ಎಂಬ ಪಟ್ಟಿ ಮಾತ್ರ ಕೊಡಬೇಕು. ಗಡಿಬಿಡಿಯಲ್ಲಿ ಇಡೀ ಫೋಲ್ಡರ್ ಅಪ್‌ಲೋಡ್ ಮಾಡಿ ಈ ರಕ್ಷಣೆ ಕಳೆದುಕೊಳ್ಳುವವರೇ ಹೆಚ್ಚು. ಇನ್ನೊಂದು ಸೂಕ್ಷ್ಮ: ಸ್ವಂತ ಹೆಸರಿನ ವ್ಯಾಪಾರವಾದರೆ, ದಾಖಲೆ ಕೊಡುವ ಕ್ರಿಯೆಯೇ ‘ಇದು ಇದೆ, ನನ್ನ ಬಳಿ ಇದೆ’ ಎಂಬ ಒಪ್ಪಿಗೆ ಎಂದು, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳದಿರುವ ಹಕ್ಕು ಕೊಡುವ ಐದನೇ ತಿದ್ದುಪಡಿಯ ಆಶ್ರಯ ಕೇಳಬಹುದು. ಕಂಪನಿಯ ದಾಖಲೆಗೆ, ಆ ಕಂಪನಿ ಎಷ್ಟೇ ಚಿಕ್ಕದಿರಲಿ, 1988ರ ತೀರ್ಪಿನ ಪ್ರಕಾರ ಆ ಆಶ್ರಯವಿಲ್ಲ.

ಸಾಕ್ಷಿ ಹೇಳಲೇಬೇಕಾದರೆ, ಪ್ರಶ್ನೆ ಬರೆದುಕೊಂಡು ಹೊರಗೆ ಹೋಗಿ ವಕೀಲರನ್ನು ಕೇಳಿ ಬರಬಹುದು. ನಾಚಿಕೆ ಬೇಡ. ಊಹೆ ಬೇಡ. ತಲೆ ಅಲ್ಲಾಡಿಸುವುದು ಮೊದಲೇ ಬೇಡ: ನಮ್ಮ ಆ ಆಡಿಸುವಿಕೆ ಹೌದೋ ಅಲ್ಲವೋ ನಮ್ಮೂರವರಿಗೇ ಗೊತ್ತಾಗುವುದಿಲ್ಲ, ಇನ್ನು ದಾಖಲಿಸುವವರು ಏನು ಟೈಪ್ ಮಾಡಿಯಾರು? ಇಂಗ್ಲಿಷ್ ತಡವರಿಸುವ ಅಪ್ಪ ಅಮ್ಮನಿಗೆ ಸಪೀನಾ ಬಂದಿದ್ದರೆ ದುಭಾಷಿ ಬೇಕೆಂದು ವಾರಗಳ ಮೊದಲೇ ತಿಳಿಸಿ. ಫೆಡರಲ್ ಪ್ರಮಾಣಪತ್ರದ ಪರೀಕ್ಷೆ ನಡೆಯುವುದು ಸ್ಪ್ಯಾನಿಷ್‌ಗೆ ಮಾತ್ರ, ಕನ್ನಡಕ್ಕೆ ಅರ್ಹರನ್ನು ಹುಡುಕಲು ಸಮಯ ಬೇಕು.

ಮೌನದ ಹಕ್ಕಿನಲ್ಲಿ ಎರಡು ದೇಶಗಳ ನಡೆ ಕುತೂಹಲದ್ದು. ನಮ್ಮ ಸಂವಿಧಾನದ 20(3)ನೇ ವಿಧಿ ಹೆಸರಿಸುವುದು ಆರೋಪಿಯನ್ನು. ಅಮೆರಿಕದ ಐದನೇ ತಿದ್ದುಪಡಿಯನ್ನು ಸಾಕ್ಷಿಯೂ ಹಿಡಿಯಬಹುದು, ಆದರೆ ಒಂದೊಂದು ಪ್ರಶ್ನೆಗೂ ಬೇರೆಬೇರೆಯಾಗಿ. ಅರ್ಧ ಕಥೆ ಹೇಳಿ ಉಳಿದದ್ದಕ್ಕೆ ಬಾಯಿ ಮುಚ್ಚಿದರೆ ಹಕ್ಕು ಕೈತಪ್ಪಬಹುದು. ಹಕ್ಕು ಹಿಡಿದು ಸುಮ್ಮನಾದರೆ ಸರ್ಕಾರ, ಮಾತನ್ನು ನಿಮ್ಮ ವಿರುದ್ಧ ಬಳಸುವುದಿಲ್ಲವೆಂಬ ಆದೇಶ ತಂದು ಉತ್ತರ ಕೇಳಬಹುದು. ನಮ್ಮಲ್ಲಿ ಕೋರ್ಟಿನ ಸಾಕ್ಷಿಗೆ ಹೆಚ್ಚುಕಡಿಮೆ ಇದೇ ಏರ್ಪಾಡು 1872ರ ಸಾಕ್ಷ್ಯ ಕಾಯ್ದೆಯಲ್ಲೇ ಇತ್ತು. ಈ ವಿಷಯದಲ್ಲಿ ನಮ್ಮದೇ ಸರಳವೆನ್ನುತ್ತೇನೆ. ಅಮೆರಿಕದಲ್ಲಿ ಆ ಆದೇಶದ ಮೇಲೂ ಉತ್ತರಿಸದವರನ್ನು 18 ತಿಂಗಳವರೆಗೆ ಜೈಲಿನಲ್ಲಿಡಬಹುದು. ‘ಉತ್ತರಿಸಿದರೆ ಭಾರತದಲ್ಲಿ ನನ್ನ ಮೇಲೆ ಕೇಸಾಗುತ್ತದೆ’ ಎಂಬ ನೆಪ ನಡೆಯುವುದಿಲ್ಲ. ಬೇರೆ ದೇಶದ ಕೇಸಿನ ಭಯಕ್ಕೆ ಈ ಹಕ್ಕಿಲ್ಲವೆಂದು 1998ರಲ್ಲೇ ತೀರ್ಪಾಗಿದೆ. ಇಲ್ಲಿಯೂ ಅಲ್ಲಿಯೂ ಆಸ್ತಿ, ತೆರಿಗೆ ಇರುವ ನಮ್ಮಂಥವರು ವಕೀಲರಿಗೆ ಇದನ್ನು ಮೊದಲ ಭೇಟಿಯಲ್ಲೇ ಹೇಳಬೇಕು.

ಹೊರಬಂದ ತಕ್ಷಣ, ಕಾರು ಹತ್ತುವ ಮೊದಲೇ, ಕೇಳಿದ ಪ್ರಶ್ನೆಗಳನ್ನು ನೆನಪಿದ್ದಷ್ಟೂ ವಕೀಲರಿಗೆ ಒಪ್ಪಿಸಿ. ನಿಮ್ಮ ಕೈಗೆ ನಡಾವಳಿಯ ಪ್ರತಿ ಬರುವುದಿಲ್ಲ. ಫೆಡರಲ್ ನಿಯಮದಲ್ಲಿ ಗುಟ್ಟಿನ ಕಟ್ಟು ಜ್ಯೂರಿಗೂ ಪ್ರಾಸಿಕ್ಯೂಟರಿಗೂ ಇದೆ, ಸಾಕ್ಷಿಗಿಲ್ಲ. ಹಾಗೆಂದು ಕನ್ನಡ ಕೂಟದ ಊಟದ ಸಾಲಿನಲ್ಲಿ, ಇನ್ನೂ ಸಪೀನಾ ಬರಬೇಕಿರುವ ಗೆಳೆಯನ ಪಕ್ಕ ಕೂತು ‘ನೀನೂ ಹೀಗೇ ಹೇಳು’ ಎಂದರೆ ಮರುದಿನವೇ ಎರಡನೆಯ ತನಿಖೆ ಶುರುವಾಗಬಹುದು, ಈ ಸಲ ನಿಮ್ಮ ಮೇಲೆ.