ಡಬ್ಬಿ ಖಾಲಿ, ಆದರೆ ಜಾಗ ಇಲ್ಲ

2020ರಲ್ಲಿ ಆಪಲ್ ಮ್ಯಾಕ್ ಮಿನಿ ಅನ್ನೋ ತನ್ನ ಡಬ್ಬಿಯಂಥ ಕಂಪ್ಯೂಟರಿಗೆ ಎಂ1 ಅನ್ನೋ ಪ್ರೊಸೆಸರ್ ಚಿಪ್ ಹಾಕಿತು. ಒಳಗಿನ ಬೋರ್ಡ್ ಚಿಕ್ಕದಾಯಿತು, ಹೊರಗಿನ ಡಬ್ಬಿ ಮಾತ್ರ ಹಳೆಯ ಅಳತೆಯದ್ದೇ. ಬಿಚ್ಚಿ ನೋಡಿದವರಿಗೆ ಬೇಕಾದಷ್ಟು ಗಾಳಿ ಕಂಡಿತು. ಆದರೂ ಫೋಟೋ, ಫೈಲ್ ಇಡುವ ಡಿಸ್ಕನ್ನು ಬೇಕಾದಾಗ ಬದಲಿಸಲು ಒಂದು ಎಸ್‌ಎಸ್‌ಡಿ ಸ್ಲಾಟ್‌ಗೆ ಜಾಗ ಸಿಗಲಿಲ್ಲ, ಪಾಪ. ಸ್ಟೋರೇಜ್ ಚಿಪ್‌ಗಳನ್ನು ಮದರ್‌ಬೋರ್ಡಿಗೇ ಬೆಸೆದುಬಿಟ್ಟರು. ಗಾಳಿಗೆ ಇಕ್ಕಟ್ಟಾಗಬಾರದು, ಅಲ್ವಾ?

ಇದರಿಂದ ಗ್ರಾಹಕನಿಗೆ ಜ್ಯೋತಿಷ್ಯವೂ ಬರಬೇಕಾಯಿತು. ಮುಂದೆ ಮಗು ಹುಟ್ಟುತ್ತದೆ, ನಾಮಕರಣದ ಫೋಟೋಗ್ರಾಫರ್ ಹಾರ್ಡ್‌ಡಿಸ್ಕ್ ತುಂಬ ವಿಡಿಯೋ ತಂದು ಸುರಿಯುತ್ತಾನೆ ಅನ್ನೋದೆಲ್ಲ ಬಿಲ್ ಕಟ್ಟುವಾಗಲೇ ಹೊಳೆಯಬೇಕು. ಹೊಳೆಯಲಿಲ್ಲವೇ? 256 ಜಿಬಿಯೇ ನಿಮ್ಮ ಹಣೆಬರಹ.

ಹಣೆಬರಹ ಅಳಿಸುವವರೂ ಇದ್ದಾರೆ. 2021ರಲ್ಲೇ ಚೀನಾದ ಗುವಾಂಗ್‌ಝೌನ ರಿಪೇರಿಯವರು ಎಂ1 ಮ್ಯಾಕ್‌ಗಳ ಸ್ಟೋರೇಜ್ ಚಿಪ್ ಕಿತ್ತು ದೊಡ್ಡದು ಹಾಕಿ ತೋರಿಸಿದರು. ಬೋರ್ಡ್ ಕಾಯಿಸಬೇಕು, ಬಿಸಿಗಾಳಿ ಬಿಟ್ಟು ಚಿಪ್ ಎತ್ತಬೇಕು, ಹಳೆಯ ಬೆಸುಗೆ ಒರೆಸಬೇಕು, ಖಾಲಿ ಚಿಪ್ ಕೂರಿಸಬೇಕು. ಪಕ್ಕದ ಸಾಸಿವೆ ಗಾತ್ರದ ಬಿಡಿಭಾಗ ಹಾರಿಹೋದರೆ ಕಂಪ್ಯೂಟರ್ ಪೇಪರ್‌ವೇಟ್. ಎಲ್ಲ ಸರಿಹೋದರೂ ಸಿಸ್ಟಮ್ ಹೊಸದಾಗಿ ತುಂಬಲು ಇನ್ನೊಂದು ಮ್ಯಾಕ್ ಬೇಕು. ಒಂದು ಮ್ಯಾಕ್‌ಗೇ ದುಡ್ಡು ಸಾಲದೆ 256 ಜಿಬಿ ಕೊಂಡವರ ಮನೆಯಲ್ಲಿ ಎರಡನೆಯದು ಇದ್ದೇ ಇರುತ್ತದೆ ಬಿಡಿ.

ಬೆಸುಗೆ ಹಾಕಿದರೆ ವೇಗ ಜಾಸ್ತಿ ಅಂತ ಅಭಿಮಾನಿಗಳ ವಾದ. ಇರಬಹುದು. 2023ರ ಎಂ2 ಮಿನಿಯ 256 ಜಿಬಿ ಮಾದರಿಯಲ್ಲಿ ಎರಡು ಚಿಪ್ ಬದಲು ಒಂದನ್ನೇ ಬೆಸೆದರು. ಓದುವ ವೇಗ ಹಿಂದಿನದಕ್ಕಿಂತ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಬೆಸುಗೆ ಮಾತ್ರ ಗಟ್ಟಿಯಾಗಿತ್ತು.

2024ರಲ್ಲಿ ಪವಾಡವೇ ನಡೆಯಿತು. ಎಂ4 ಮಿನಿ ಬಂತು, ಡಬ್ಬಿ ಐದು ಇಂಚಿಗೆ ಕುಗ್ಗಿತು. ಅಗಲ ಡಬ್ಬಿಯಲ್ಲಿ ಹಿಡಿಸದ ಸ್ಲಾಟ್ ಈ ಪುಟ್ಟ ಡಬ್ಬಿಯಲ್ಲಿ ಪ್ರತ್ಯಕ್ಷವಾಯಿತು! ಸ್ಟೋರೇಜ್ ಬಿಚ್ಚಲು ಬರುತ್ತದೆ. ಸಂಭ್ರಮ ಬೇಡ. ಅಂಗಡಿಯಲ್ಲಿ ಸಿಗುವ ಮಾಮೂಲಿ ಎಂ.2 (ಆಪಲ್ ಚಿಪ್ ಎಂ2 ಅಲ್ಲ, ಡಿಸ್ಕಿನ ಅಳತೆಯ ಹೆಸರು) ಎಸ್‌ಎಸ್‌ಡಿ ಅಲ್ಲಿ ಕೂರುವುದಿಲ್ಲ. ಆಪಲ್ ಸ್ಲಾಟಿನ ಆಕಾರವೇ ಬೇರೆ, ಡಿಸ್ಕಿನ ಓದು-ಬರಹ ನೋಡಿಕೊಳ್ಳುವ ಕಂಟ್ರೋಲರ್ ಇರುವುದು ಎಂ4 ಚಿಪ್‌ನೊಳಗೆ. ಬದಲಾಯಿಸಿದ ಮೇಲೆ ಆ ಇನ್ನೊಂದು ಮ್ಯಾಕ್ ಈಗಲೂ ಬೇಕು.

ಬೇಡಪ್ಪ, ಕಂಪನಿಯಿಂದಲೇ ಹಾಕಿಸಿಕೊಳ್ಳೋಣ ಅಂದಿರಾ? 256ರಿಂದ 512 ಜಿಬಿಗೆ ಏರಲು 2024ರಲ್ಲಿ ಭಾರತದಲ್ಲಿ 20,000 ರೂಪಾಯಿ ಹೆಚ್ಚು ಕೊಡಬೇಕಿತ್ತು. ಇಡೀ ಕಂಪ್ಯೂಟರಿನ ಬೆಲೆಯೇ 59,900 ಇತ್ತು. ಆಗ ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಸಂತೆ ಎಸ್.ಪಿ. ರೋಡ್‌ಗೆ ಅದೇ 20,000 ಒಯ್ದಿದ್ದರೆ 2 ಟಿಬಿಯ ಎಸ್‌ಎಸ್‌ಡಿ ಬಂದು, ಮೇಲೆ ಚಿಲ್ಲರೆಯೂ ವಾಪಸ್ ಸಿಗುತ್ತಿತ್ತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಇದೇ ಎಂ4 ಮಿನಿ ಆಪಲ್‌ನ ಮೊದಲ ಕಾರ್ಬನ್ ನ್ಯೂಟ್ರಲ್ ಮ್ಯಾಕ್ ಅಂತೆ, ಅಂದರೆ ಉಗುಳಿದ ಇಂಗಾಲಕ್ಕೆಲ್ಲ ಸರಿದೂಗಿಸಿದ್ದಾರಂತೆ. ಹಳೆಯ ಮಿನಿಗಳ ಬೆಸೆದ ಚಿಪ್ ಸತ್ತರೆ ಕಂಪನಿಯಲ್ಲಿ ಬೋರ್ಡನ್ನೇ ಬದಲಿಸಬೇಕು. ಆ ಇಂಗಾಲ ಯಾರ ಲೆಕ್ಕಕ್ಕೋ.

ಕೊನೆಗೆ ಜಾಣರು ಹೊರಗಿನಿಂದಲೇ ಎಸ್‌ಎಸ್‌ಡಿ ಚುಚ್ಚುತ್ತಾರೆ. ಅದಕ್ಕೊಂದು ಕೇಬಲ್, ಪೋರ್ಟ್ ಸಾಲದೆ ಒಂದು ಹಬ್, ಹಬ್‌ಗೊಂದು ಅಡಾಪ್ಟರ್. ಅಲುಗಾಡದಂತೆ ಎಲ್ಲವನ್ನೂ ಡಬಲ್ ಟೇಪ್ ಹಾಕಿ ಡಬ್ಬಿಗೆ ಅಂಟಿಸುತ್ತಾರೆ. ಎಂ4 ಮಿನಿಯ ಪವರ್ ಬಟನ್ ತಳದಲ್ಲಿದೆ. ಆನ್ ಮಾಡಬೇಕಾದರೆ ಈ ಇಡೀ ಸಂಸಾರವನ್ನು ಮೂಲೆ ಹಿಡಿದು ಎತ್ತಬೇಕು.