ಬಿಳಿ ಬಕೆಟ್ಟಿನ ಪರೀಕ್ಷೆ

ಪಿಕಪ್ ಗಾಡಿ ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಒಂದು ಕಾಯಿಲೆ ಶುರುವಾಗುತ್ತದೆ. ಗಾಡಿ ಜೊತೆ ಬಂದ ಹೆಡ್‌ಲೈಟ್ ಸಾಲದು ಅನ್ನಿಸುವ ಕಾಯಿಲೆ. ಟಾರು ರಸ್ತೆಯಲ್ಲಿ ಇದು ತಲೆಯೆತ್ತುವುದಿಲ್ಲ. ಮಣ್ಣು ದಾರಿಗೆ ಇಳಿದು, ರಾತ್ರಿ ಹೊತ್ತಿನಲ್ಲಿ ಗುಂಡಿಗೆ ಬಿದ್ದ ಮೇಲೆ ಗುಂಡಿಯನ್ನು ನೋಡಿದರೆ ಸಾಕು, ಮರುದಿನವೇ ಜ್ವರ ಏರುತ್ತದೆ. ನನಗೂ ಏರಿತು.

ಜ್ವರದಲ್ಲಿ ಮನುಷ್ಯ ಮಾಡುವ ಮೊದಲ ಕೆಲಸ ಲುಮೆನ್ ಎಣಿಸುವುದು, ಅಂದರೆ ದೀಪ ಒಟ್ಟು ಎಷ್ಟು ಬೆಳಕು ಸೂಸುತ್ತದೆ ಅನ್ನುವ ಲೆಕ್ಕ. ನಾನು ಕೊಂಡದ್ದು ಲೈಟ್‌ಬಾರ್, ಸಾಲಾಗಿ ಎಲ್‌ಇಡಿ ಜೋಡಿಸಿದ ಉದ್ದನೆಯ ದೀಪ. ಅದರ ಡಬ್ಬಿ ಮೇಲೆ 30,000 ಲುಮೆನ್ ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಹಳೇ 55 ವ್ಯಾಟಿನ ಎಚ್3 ಹ್ಯಾಲೊಜೆನ್ ಬಲ್ಬು ಕೊಡುವುದು ಸುಮಾರು 1,450. ಅಂದರೆ ನನ್ನ ಲೈಟ್‌ಬಾರ್ ಇಪ್ಪತ್ತು ಬಲ್ಬಿಗೆ ಸಮ, ಅಲ್ವಾ? ಅಲ್ಲ. ಇಂಥ ಸಂಖ್ಯೆ ಬಹಳ ಸಲ ಬರೀ ಕಾಗದದ ಮೇಲಿನ ಗುಣಾಕಾರ. ಒಂದು ಎಲ್‌ಇಡಿ ಹೆಚ್ಚೆಂದರೆ ಎಷ್ಟು ಬೆಳಗಬಲ್ಲದೋ ಅದನ್ನು ಎಲ್‌ಇಡಿಗಳ ಲೆಕ್ಕದಿಂದ ಗುಣಿಸಿಬಿಡುವುದು. ಅಷ್ಟು ಜೋರಾಗಿ ಅವನ್ನು ಉರಿಸುವುದೇ ಇಲ್ಲ. ಉರಿಸಿದರೆ ಬಿಸಿಯಾಗಿ ಮಂಕಾಗುತ್ತವೆ. ಹೊರಡುವ ಬೆಳಕಿನಲ್ಲೂ ಒಂದು ಪಾಲನ್ನು ರಿಫ್ಲೆಕ್ಟರು, ಗಾಜು ತಿಂದುಹಾಕುತ್ತವೆ.

ಹೋಗಲಿ, ಡಬ್ಬಿ ಹೇಳಿದ್ದೆಲ್ಲ ನಿಜ ಅಂತಲೇ ಇಟ್ಟುಕೊಳ್ಳೋಣ. ಒಂದು ಬಿಂದಿಗೆ ನೀರನ್ನು ಅಂಗಳಕ್ಕೆಲ್ಲ ಚೆಲ್ಲಬಹುದು, ಒಂದೇ ಗಿಡದ ಬುಡಕ್ಕೂ ಸುರಿಯಬಹುದು. ಲುಮೆನ್ ಅನ್ನುವುದು ಬಿಂದಿಗೆಯ ಅಳತೆ. ಗಿಡಕ್ಕೆ ಎಷ್ಟು ಸಿಕ್ಕಿತು ಅಂತ ಹೇಳುವುದು ಲಕ್ಸ್. ಒಂದು ಚದರ ಮೀಟರಿಗೆ ಒಂದು ಲುಮೆನ್ ಬಿದ್ದರೆ ಒಂದು ಲಕ್ಸ್. ಕಡಿಮೆ ಅನ್ನಿಸಬಹುದು, ಆದರೆ ಹುಣ್ಣಿಮೆಯ ಬೆಳದಿಂಗಳು ಕಾಲು ಲಕ್ಸ್ ಆಸುಪಾಸು ಅಷ್ಟೇ. ಮತ್ತೆ ಬೆಳಕು ದೂರ ಹೋದಷ್ಟೂ ಸೊರಗುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಇನ್ನೂರು ಮೀಟರ್ ಕಾಣುವ ಲೈಟನ್ನು ನಾನೂರಕ್ಕೆ ತಳ್ಳಬೇಕಾದರೆ ನಾಲ್ಕು ಪಟ್ಟು ಬೆಳಕು ಬೇಕು, ಇಲ್ಲವೇ ಇದ್ದ ಬೆಳಕನ್ನೇ ಇನ್ನೂ ಸಣ್ಣದಾಗಿ ಹಿಂಡಬೇಕು.

ಇದನ್ನೆಲ್ಲ ಓದಿಕೊಂಡರೂ ನಂಬಿಕೆ ಬರಲಿಲ್ಲ. ಗೆಳೆಯನೊಬ್ಬನ ಹತ್ತಿರ ಎರಡು ಸ್ಪಾಟ್ ಲೈಟ್ ಇದ್ದವು, ಬೆಳಕನ್ನು ಸಣ್ಣದಾಗಿ ಹಿಂಡಿ ದೂರಕ್ಕೆ ಎಸೆಯುವಂಥವು, ಅಂಗೈಗಿಂತ ಸ್ವಲ್ಪ ದೊಡ್ಡವು. ನನ್ನ ಲೈಟ್‌ಬಾರ್ ಮೊಳಕ್ಕಿಂತ ಉದ್ದ, ಛಾವಣಿ ಮೇಲೆ ಕೂತಿತ್ತು. ಅವನ ಲೈಟನ್ನು ಬಂಪರಿಗೆ ಕಟ್ಟಿ, ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ, ಅವನ ಕೈಗೆ ಒಂದು ಬಿಳಿ ಬಕೆಟ್ ಕೊಟ್ಟು ಕತ್ತಲೆಯೊಳಗೆ ಕಳಿಸಿದೆ. ನೂರು ಹೆಜ್ಜೆಗೊಮ್ಮೆ ಅವನು ಫೋನಿನಲ್ಲಿ "ಕಾಣ್ತಿದೀನೇನೋ?" ಅನ್ನಬೇಕು. ನಾನು ಒಂದೊಂದೇ ಸ್ವಿಚ್ ಒತ್ತಿ ಉತ್ತರ ಹೇಳಬೇಕು.

ನೂರು ಹೆಜ್ಜೆಗೆ ಲೈಟ್‌ಬಾರಿನದೇ ಗೆಲುವು. ಅವನ ಚಪ್ಪಲಿ, ಎರಡೂ ಕಡೆಯ ಪೊದೆ, ಪೊದೆಯ ಒಂದೊಂದು ಎಲೆ ಕಾಣುತ್ತಿತ್ತು. ಇನ್ನೂರಕ್ಕೆ ಒಂದು ಬೂದು ಆಕಾರ. ಮುನ್ನೂರಕ್ಕೆ ಗೆಳೆಯನೂ ಇಲ್ಲ, ಬಕೆಟ್ಟೂ ಇಲ್ಲ. "ಇಲ್ಲ ಕಣೋ" ಅಂದೆ. ಬಾರ್ ಆರಿಸಿ ಸ್ಪಾಟ್ ಹಾಕಿದೆ. ಪೊದೆಗಳೆಲ್ಲ ಮಾಯ. ಆದರೆ ದೂರದಲ್ಲಿ, ಬೆಳಕಿನ ಕೊಳವೆಯ ತುದಿಯಲ್ಲಿ, ಬಕೆಟ್ ಮಿಣುಕಿತು. ಅದನ್ನು ಹಿಡಿದವನು ಕೊಂಚ ಹೊತ್ತಿನ ಮೇಲೆ ಕಂಡ.

ಎರಡನ್ನೂ ಒಟ್ಟಿಗೆ ಹಾಕಿದರೆ ಇನ್ನೂ ಚೆನ್ನ ಅಂದುಕೊಂಡೆ. ಹಾಕಿದೆ, ಬಕೆಟ್ ಮತ್ತೆ ಹೋಯಿತು! ಸ್ಪಾಟಿನ ಬೆಳಕು ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಕಡಿಮೆಯಾದದ್ದು ನನ್ನ ಕಣ್ಣು. ಗಾಡಿಯ ಮೂಗಿನ ಮುಂದೆಯೇ ನೆಲ ಬೆಳ್ಳಗೆ ಹೊಳೆಯುತ್ತಿದ್ದರೆ, ಬಾನೆಟ್ ಬೇರೆ ಕನ್ನಡಿಯ ಹಾಗೆ ಥಳಥಳ ಅಂತಿದ್ದರೆ, ಕಣ್ಣಿನ ಪಾಪೆ ಕುಗ್ಗುತ್ತದೆ. ಆಮೇಲೆ ದೂರದ ಮಂದ ಬೆಳಕು ಅದಕ್ಕೆ ಲೆಕ್ಕಕ್ಕೇ ಇಲ್ಲ. ಗಂಟೆಗೆ 60 ಕಿಲೋಮೀಟರಿನಲ್ಲಿ ಗಾಡಿ ಒಂದು ಸೆಕೆಂಡಿಗೆ ಹದಿನಾರು ಮೀಟರ್ ಮೀರಿ ಓಡುತ್ತದೆ. ಆಗ ಚಪ್ಪಲಿ ಕಂಡು ಏನು ಮಾಡಲಿ?

ಗುಂಡಿಯ ವಿಷಯದಲ್ಲಿ ಇನ್ನೊಂದು ಪಾಠ ಆಯಿತು. ಛಾವಣಿಯ ಬೆಳಕು ಹೆಚ್ಚುಕಮ್ಮಿ ನಮ್ಮ ಕಣ್ಣಿನ ದಿಕ್ಕಿನಿಂದಲೇ ಬೀಳುತ್ತದೆ. ಕಲ್ಲಿನ ನೆರಳು ಕಲ್ಲಿನ ಬೆನ್ನಿಗೇ ಅಡಗಿಕೊಳ್ಳುತ್ತದೆ. ದಾರಿಯೆಲ್ಲ ಇಸ್ತ್ರಿ ಹಾಕಿದ ಹಾಗೆ ಸಪಾಟು. ಬಂಪರಿನ ಬೆಳಕು ನೆಲವನ್ನು ಸವರಿಕೊಂಡು ಹೋಗುತ್ತದೆ. ನಿಂಬೆಹಣ್ಣಿನಷ್ಟು ಕಲ್ಲಿಗೂ ಮಾರುದ್ದ ನೆರಳು. ಗುಂಡಿಯಂತೂ ಮಸಿ ಚೆಲ್ಲಿದ ಹಾಗೆ ಕಪ್ಪಗೆ ಎದ್ದು ಕಾಣುತ್ತದೆ. ನನ್ನನ್ನು ಬೀಳಿಸಿದ ಗುಂಡಿ ತೋರಿಸಲಿ ಅಂತ ಇಷ್ಟು ದುಡ್ಡು ಕೊಟ್ಟು, ಅದನ್ನೇ ಮುಚ್ಚಿಡುವ ಜಾಗದಲ್ಲಿ ಲೈಟು ಕೂರಿಸಿದ್ದೆ ನಾನು.

ಧೂಳು, ಮಂಜು ಇದ್ದರೆ ಛಾವಣಿಯ ಲೈಟಿನ ಮಾತೇ ಬೇಡ. ಮುಂದಿನ ಗಾಡಿ ಎಬ್ಬಿಸಿದ ಧೂಳಿಗೆ ಬಡಿದು ಬೆಳಕೆಲ್ಲ ವಾಪಸ್ ಕಣ್ಣಿಗೇ ಬರುತ್ತದೆ, ಗಾಜಿನ ಮುಂದೆ ಬಿಳಿ ಗೋಡೆ ಕಟ್ಟಿದ ಹಾಗೆ. ಫಾಗ್ ಲೈಟನ್ನು ಕೆಳಗೆ ಕೂರಿಸುವುದು ಅದಕ್ಕೇ. ಅದು ಹಳದಿ ಇರಬೇಕೋ ಬಿಳಿಯೋ ಅನ್ನುವ ಜಗಳ ಮುಗಿಯುವಂಥದ್ದಲ್ಲ. ಫ್ರಾನ್ಸಿನಲ್ಲಿ 1993ರವರೆಗೆ ಹೆಡ್‌ಲೈಟೇ ಹಳದಿ ಇರಬೇಕು ಅಂತ ಕಾನೂನಿತ್ತು. ಹಳದಿಯಿಂದ ಜಾಸ್ತಿ ದೂರ ಕಾಣುತ್ತದೆ ಅಂತ ನನಗೇನೂ ಅನ್ನಿಸಿಲ್ಲ. ಎರಡು ಗಂಟೆ ಓಡಿಸಿದ ಮೇಲೂ ಕಣ್ಣು ಉರಿಯುವುದಿಲ್ಲ, ನನಗೆ ಅಷ್ಟು ಸಾಕು.

ವೈರಿಂಗ್ ಬಗ್ಗೆ ಉಪದೇಶ ಮಾಡುವುದಿಲ್ಲ. 55 ವ್ಯಾಟಿನ ಎರಡು ಬಲ್ಬು 12 ವೋಲ್ಟಿನಲ್ಲಿ ಒಂಬತ್ತು ಆಂಪಿಯರ್ ಎಳೆಯುತ್ತವೆ. ಜೋರು ಕರೆಂಟನ್ನು ಸ್ವಿಚ್ಚಿನ ಬದಲು ತಾನು ಹೊರುವ ರಿಲೇ, ಜೊತೆಗೆ ಫ್ಯೂಸ್ ಇಲ್ಲದೆ ಪುಟ್ಟ ಸ್ವಿಚ್ಚಿಗೆ ನೇರ ಕೊಟ್ಟರೆ ಏನಾಗುತ್ತದೆ ಅಂತ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಹೇಳುತ್ತದೆ. ನನಗೆ ಹೇಳಿದೆ.

ಆದರೆ ಶಿಳ್ಳೆ ಬಗ್ಗೆ ಯಾರೂ ಮೊದಲೇ ಹೇಳಿರಲಿಲ್ಲ. ವೇಗ ಏರಿದ ಕೂಡಲೇ ಎಲ್ಲಿಂದಲೋ ಸುಂಯ್ ಅಂತ ಸದ್ದು. ಕಿಟಕಿ ಏರಿಸಿದೆ, ಇಳಿಸಿದೆ. ಟರ್ಬೋ ಹೋಯಿತು ಅಂತ ಎದೆ ಒಡೆದುಕೊಂಡೆ. ಕೊನೆಗೆ ನೋಡಿದರೆ ಛಾವಣಿಯ ಲೈಟ್‌ಬಾರು! ಅದರ ಬೆನ್ನಲ್ಲಿ ಬಿಸಿ ಹೋಗಲಿ ಅಂತ ಇಟ್ಟ ಸೀಳುಗಳ ನಡುವೆ ಗಾಳಿ ನುಗ್ಗಿ ಕೊಳಲು ಊದುತ್ತಿತ್ತು. ಮೇಲಂಚಿಗೆ ಒಂದು ರಬ್ಬರ್ ಪಟ್ಟಿ ಸಿಕ್ಕಿಸಿದ ಮೇಲೆ ಸ್ವಲ್ಪ ಸುಮ್ಮನಾಯಿತು.

ಸ್ಪಾಟ್ ಲೈಟನ್ನು ಗೆಳೆಯ ವಾಪಸ್ ಕೇಳಲಿಲ್ಲ. ನಾನೂ ಜ್ಞಾಪಿಸಲಿಲ್ಲ. ಊರೊಳಗೆ ಅವಕ್ಕೆ ಮುಚ್ಚಳ ಹಾಕಿರುತ್ತೇನೆ, ಎದುರಿಗೆ ಬರುವವರ ಶಾಪ ಯಾಕೆ. ಲೈಟ್‌ಬಾರನ್ನು ಬಿಚ್ಚಿ ಕ್ಯಾಬಿನ್ನಿನ ಹಿಂಬದಿಗೆ, ಸಾಮಾನು ತುಂಬುವ ಡಾಲಾ ಕಡೆಗೆ ಮುಖ ಮಾಡಿ ಕೂರಿಸಿದ್ದೇನೆ. ರಾತ್ರಿ ಸಾಮಾನು ಇಳಿಸುವಾಗ, ಹಗ್ಗದ ಗಂಟು ಬಿಚ್ಚುವಾಗ ಅದರಂಥ ಲೈಟು ಇನ್ನೊಂದಿಲ್ಲ. ಹಾಕಿದ ಐದೇ ನಿಮಿಷಕ್ಕೆ ಸುತ್ತಲಿನ ಹುಳಗಳೆಲ್ಲ ಬಂದು ಅದರ ಗಾಜಿಗೆ ಬಡಿದುಕೊಳ್ಳುತ್ತವೆ. ಸ್ಪಾಟನ್ನು ಅವು ತಿರುಗಿಯೂ ನೋಡುವುದಿಲ್ಲ. ಅವುಗಳ ಓಟೆಲ್ಲ ಈಗಲೂ ಲೈಟ್‌ಬಾರಿಗೇ.